ಹಗಲು ಬೆಳ್ಳಗೆ, ರಾತ್ರಿ ಮಾಯ: ಗೆರೆ, ಬೋರ್ಡು, ಸಿಗ್ನಲ್ ಕೆಲಸ ಒಪ್ಪಿಕೊಳ್ಳುವ ಮುಂಚೆ ಏನೇನು ಅಳೆಯಬೇಕು?

ನಾಲ್ಕುರಸ್ತೆ

ಸಿಗ್ನಲ್ ಇರುವ ಒಂದು ಜಂಕ್ಷನ್‌ಗೆ ಥರ್ಮೋಪ್ಲಾಸ್ಟಿಕ್ (ಕಾಯಿಸಿ ಕರಗಿಸಿ ಎಳೆಯುವ ರಾಳದ ಮಿಶ್ರಣ) ಗೆರೆ, ಬೋರ್ಡು, ಸಿಗ್ನಲ್ ಟೈಮಿಂಗ್ ಮೂರೂ ಹೊಸದಾಗಿ ಬಂದಿವೆ ಅಂದುಕೊಳ್ಳಿ. ಕೆಲಸ ಮುಗಿಯಿತು ಅಂತ ಸಹಿ ಹಾಕುವ ಮುಂಚೆ ಏನೇನು ಅಳೆಯಬೇಕು? ಟೇಪ್ ಹಿಡಿದು ಗೆರೆಯ ಅಗಲ, ಬೋರ್ಡಿನ ಎತ್ತರ ನೋಡಿದರೆ ಸಾಲದು ಅನ್ನುವುದು ಗೊತ್ತು. ಅಗಲ ಸರಿಯಿದ್ದ ಗೆರೆಯೇ ಎರಡು ತಿಂಗಳು ಕಳೆಯುವಷ್ಟರಲ್ಲಿ ಹಗಲು ಬೆಳ್ಳಗಿದ್ದು, ರಾತ್ರಿ ಹೆಡ್‌ಲೈಟಿಗೆ ಕಾಣದಂತಾಗುತ್ತದೆ. ರಸ್ತೆ ಸಂಕೇತಗಳ ಅಂತರರಾಷ್ಟ್ರೀಯ ವಿಯೆನ್ನಾ ಒಪ್ಪಂದ, ಅಮೆರಿಕದ ಸಂಚಾರ ಸಂಕೇತಗಳ ಕೈಪಿಡಿ ಎಂಯುಟಿಸಿಡಿ, ಯುರೋಪಿನ ರಸ್ತೆಗೆರೆ ಮಾನದಂಡ ಇಎನ್ 1436, ಭಾರತದ ರಸ್ತೆ ಮಾನದಂಡ ಐಆರ್‌ಸಿ, ಯಾವುದನ್ನು ಹಿಡಿದು ಹೇಳಿದರೂ ಸರಿ. ಬರೀ ಅಂಕಿ ಬೇಡ, ಆ ಅಂಕಿ ಯಾಕೆ ಅನ್ನುವುದೂ ಬೇಕು.

ಬಿಳಿಪಟ್ಟಿ

ರಾತ್ರಿ ಗೆರೆ ಕಾಣಿಸುವ ಕೆಲಸವೆಲ್ಲ ಗಾಜಿನ ಮಣಿಗಳದ್ದು. ಹೆಡ್‌ಲೈಟಿನ ಕಿರಣ ಮಣಿಯೊಳಗೆ ಬಾಗಿ ಹೋಗಿ, ಹಿಂಬದಿಯ ಬಿಳಿ ಬಣ್ಣಕ್ಕೆ ತಾಗಿ, ಬಂದ ದಿಕ್ಕಿಗೇ ತಿರುಗುತ್ತದೆ. ಇದಾಗಬೇಕಾದರೆ ಮಣಿ ತನ್ನ ವ್ಯಾಸದ ಶೇ. 50ರಿಂದ 60ರಷ್ಟು ಹೂತಿರಬೇಕು. ಪೂರ್ತಿ ಮುಳುಗಿದರೆ ಬೆಳಕು ಒಳಗೇ ಹೋಗುವುದಿಲ್ಲ. ಕಾಲುಭಾಗ ಮಾತ್ರ ಕೂತರೆ ಮೊದಮೊದಲು ಚೆನ್ನಾಗಿ ಹೊಳೆದು, ಕೆಲವೇ ವಾರಗಳಲ್ಲಿ ಟೈರಿಗೆ ಕಿತ್ತುಹೋಗುತ್ತದೆ.

ಹಾಗಾಗಿ ಗೆರೆ ಯಾವಾಗ ಮಾಯವಾಯಿತು ಅನ್ನುವುದರಲ್ಲೇ ಕಾರಣ ಸಿಗುತ್ತದೆ. ಮೊದಲ ರಾತ್ರಿಯೇ ಕಪ್ಪಾಗಿದ್ದರೆ ಮಣಿ ಬಿದ್ದಿಲ್ಲ, ಇಲ್ಲವೇ ಬಿಸಿ ಜಾಸ್ತಿಯಾಗಿ ಮುಳುಗಿದೆ. ಎರಡು ತಿಂಗಳಿಗೆ ಮಂಕಾದರೆ ಎರಡು ಅನುಮಾನ. ಒಂದು, ಮಿಶ್ರಣ ತಣ್ಣಗಾದ ಮೇಲೆ ಮಣಿ ಬಿದ್ದು ಮೇಲೆಮೇಲೆ ಕೂತಿದೆ. ಇನ್ನೊಂದು, ಮಿಶ್ರಣದ ಒಳಗೆ ಇರಬೇಕಾದ ಮಣಿಯೇ ಇಲ್ಲ. ಥರ್ಮೋಪ್ಲಾಸ್ಟಿಕ್ ಪುಡಿಯಲ್ಲಿ ತೂಕದ ಶೇ. 30ರಿಂದ 40ರಷ್ಟು ಗಾಜಿನ ಮಣಿ ಮೊದಲೇ ಬೆರೆತಿರಬೇಕು. ಮೇಲೆ ಉದುರಿಸಿದ್ದು ಸವೆದು ಹೋದಂತೆ ಒಳಗಿನದು ಹೊರಬರುತ್ತದೆ. ದುಡ್ಡು ಉಳಿಸಲು ಕೈಯಾಡಿಸುವುದು ಇಲ್ಲೇ, ಯಾಕೆಂದರೆ ಮೊದಲ ದಿನದ ಪರೀಕ್ಷೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಕರಗಿಸುವ ಮುಂಚೆಯೇ ಚೀಲದಿಂದ ಮಾದರಿ ತೆಗೆದು ಲ್ಯಾಬಿಗೆ ಕಳಿಸಬೇಕು.

ಮೇಲೆ ಉದುರಿಸುವ ಮಣಿಗೆ ಹಲವು ಸ್ಪೆಸಿಫಿಕೇಶನ್‌ಗಳಲ್ಲಿ ಚದರ ಮೀಟರಿಗೆ 250 ಗ್ರಾಂ ಅಂತಿದೆ. 100 ಮಿ.ಮೀ. ಅಗಲದ ಗೆರೆ 1 ಮೀಟರ್ ಉದ್ದಕ್ಕೆ 0.1 ಚದರ ಮೀಟರ್ ಆಗುತ್ತದೆ, ಅಂದರೆ 25 ಗ್ರಾಂ. ಬಣ್ಣದ ಬಾಯಿ ಮುಚ್ಚಿ, ಮಣಿಯ ಬಾಯಿಗೆ ಚೀಲ ಕಟ್ಟಿ, ಮಾಮೂಲಿ ವೇಗದಲ್ಲೇ ಯಂತ್ರವನ್ನು 10 ಮೀಟರ್ ನಡೆಸಿ ತೂಗಿ. 250 ಗ್ರಾಂ ಹತ್ತಿರ ಬರಬೇಕು.

ದಪ್ಪಕ್ಕೆ ತಗಡಿನ ಪರೀಕ್ಷೆ. ಯಂತ್ರ ಹೋಗುವ ದಾರಿಯಲ್ಲಿ ತೆಳು ತಗಡಿನ ತುಂಡು ಇಟ್ಟು, ಅದರ ಮೇಲೆ ಗೆರೆ ಎಳೆಸಿ, ತಣ್ಣಗಾದ ಮೇಲೆ ಮೈಕ್ರೋಮೀಟರಿನಲ್ಲಿ ಅಳೆದು ತಗಡಿನ ದಪ್ಪ ಕಳೆಯಿರಿ. 2.5 ಮಿ.ಮೀ. ಕೇಳಿದ್ದರೆ ಮೇಲಿನ ಮಣಿ ಬಿಟ್ಟು 2.5 ಇರಬೇಕು. ಇನ್ನೊಂದು ಸುಲಭದ ಲೆಕ್ಕ: ಈ ಮಾಲಿನ ಸಾಂದ್ರತೆ ನೀರಿನ ಸುಮಾರು ಎರಡರಷ್ಟು, ಹಾಗಾಗಿ 2.5 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 5 ಕೆ.ಜಿ. 25 ಕೆ.ಜಿ.ಯ ಒಂದು ಚೀಲ 100 ಮಿ.ಮೀ. ಗೆರೆಯನ್ನು 50 ಮೀಟರ್ ಎಳೆಯುತ್ತದೆ. 1 ಕಿ.ಮೀ. ಅಖಂಡ ಗೆರೆಗೆ 20 ಚೀಲ ಬೇಕು. 12 ಖಾಲಿ ಚೀಲ ಮಾತ್ರ ಸಿಕ್ಕರೆ ದಪ್ಪ 1.5 ಮಿ.ಮೀ. ಅಂತಲೇ ಅರ್ಥ.

ನಾಲ್ಕುರಸ್ತೆ

ಧನ್ಯವಾದ ಸರ್. ಬಿಸಿ ಎಷ್ಟಿರಬೇಕು? ಮಳೆಯಲ್ಲಿ ಯಾವ ಗೆರೆಯೂ ಕಾಣುವುದಿಲ್ಲವಲ್ಲ, ಅದಕ್ಕೆ ಪರಿಹಾರ ಇದೆಯೇ?

ಬಿಳಿಪಟ್ಟಿ

ಬಿಸಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ. ಆದರೆ ರಾಳದ ಜಾತಿಗೆ ತಕ್ಕಂತೆ ಬದಲಾಗುತ್ತದೆ, ಚೀಲದ ಮೇಲೆ ಬರೆದಿರುವುದೇ ಕೊನೆಯ ಮಾತು. ಕುದಿಯುವ ಪಾತ್ರೆಯಲ್ಲಿ ಅಳೆದರೆ ಸಾಲದು, ಗೆರೆ ಹೊರಬರುವ ಬಾಯಲ್ಲಿ ಅಳೆಯಬೇಕು. ಉಳಿದದ್ದನ್ನು ಮರುದಿನ ಮತ್ತೆ ಕಾಯಿಸಿ, ಮತ್ತೆ ಕಾಯಿಸಿ ಬಳಸಿದರೆ ರಾಳ ಸುಟ್ಟು ಬಿಳಿ ಬಣ್ಣ ಕಂದಿ ಹಳದಿಗೆ ತಿರುಗುತ್ತದೆ, ಗೆರೆ ಬಿರುಸಾಗಿ ಸೀಳುತ್ತದೆ.

ನೆಲ ಒಣಗಿರಬೇಕು. ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ರಸ್ತೆಗೆ ಅಂಟಿಸಿ, 15 ನಿಮಿಷ ಬಿಟ್ಟು ತೆಗೆದು ನೋಡಿ. ಒಳಮೈಯಲ್ಲಿ ನೀರು ಬೆವರಿದ್ದರೆ ಅಂದು ಕೆಲಸ ನಿಲ್ಲಿಸಿ. ತೇವದ ಮೇಲೆ 200 ಡಿಗ್ರಿಯ ಮಾಲು ಬಿದ್ದರೆ ಹಬೆ ಎದ್ದು ಗೆರೆಯ ಮೈತುಂಬ ಗುಳ್ಳೆ, ಆಮೇಲೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕಾಂಕ್ರೀಟ್ ಮೇಲಾದರೆ ಪ್ರೈಮರ್ ಕಡ್ಡಾಯ. ಹೊಸ ಕಾಂಕ್ರೀಟ್ ಆಗಿದ್ದರೆ ಕ್ಯೂರಿಂಗ್ ಕಾಂಪೌಂಡನ್ನು (ತೇವ ಬೇಗ ಆರದಿರಲೆಂದು ಬಳಿದ ಲೇಪ) ಮೊದಲು ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಗೆರೆ ಕಾಂಪೌಂಡಿಗೆ ಅಂಟುತ್ತದೆ, ಕಾಂಪೌಂಡು ಕಾಂಕ್ರೀಟನ್ನು ಬಿಡುತ್ತದೆ.

ಮಳೆಯ ವಿಷಯ. ನೀರಿನ ಪದರ ಮಣಿಯನ್ನು ಮುಚ್ಚಿದಾಗ ಕನ್ನಡಿಯಂತಾಗಿ ಬೆಳಕನ್ನು ಮುಂದಕ್ಕೆ ಎರಚುತ್ತದೆ, ಚಾಲಕನ ಕಡೆ ಏನೂ ಬರುವುದಿಲ್ಲ. ನೀರಿನಿಂದ ತಲೆ ಎತ್ತಿ ನಿಲ್ಲುವ ದೊಡ್ಡ ಮಣಿ, ಇಲ್ಲವೇ ಉಬ್ಬುತಗ್ಗು ಇರುವ ಗೆರೆ ಹಾಕಿದರೆ ಸ್ವಲ್ಪವಾದರೂ ಉಳಿಯುತ್ತದೆ. ತಿರುವುಗಳಲ್ಲಿ, ಮೇಲ್ಸೇತುವೆ ಕವಲೊಡೆಯುವಲ್ಲಿ ರಿಫ್ಲೆಕ್ಟರ್ ಸ್ಟಡ್ ಬೇಕೇ ಬೇಕು. ಬ್ರಿಟನ್ನಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ 'ಕ್ಯಾಟ್ಸ್ ಐ' ಬಳಕೆಗೆ ಬಂದದ್ದೂ ಇಂಥ ಮಂಜು-ಮಳೆಯ ರಾತ್ರಿಗಳಿಗಾಗಿಯೇ.

ವಾಪಸ್ ಬರುವ ಬೆಳಕನ್ನು ಅಳೆಯುವ ಯಂತ್ರ (ರಿಫ್ಲೆಕ್ಟೋಮೀಟರ್) ಇದ್ದರೆ 30 ಮೀಟರ್ ಜ್ಯಾಮಿತಿಯದ್ದನ್ನು ಬಳಸಿ. ಚಾಲಕನ ಕಣ್ಣು 1.2 ಮೀಟರ್, ಹೆಡ್‌ಲೈಟು 0.65 ಮೀಟರ್ ಎತ್ತರದಲ್ಲಿದ್ದು 30 ಮೀಟರ್ ಮುಂದಿನ ಗೆರೆ ನೋಡುವ ಲೆಕ್ಕ ಅದರಲ್ಲಿದೆ. ಎಂಯುಟಿಸಿಡಿಗೆ 2022ರಲ್ಲಿ ಸೇರಿದ ನಿಯಮದ ಪ್ರಕಾರ ಗಂಟೆಗೆ 35 ಮೈಲಿ ಮತ್ತು ಮೇಲ್ಪಟ್ಟ ವೇಗಮಿತಿಯ ರಸ್ತೆಗಳಲ್ಲಿ ಒಣ ಗೆರೆ 50 ಮಿಲಿಕ್ಯಾಂಡೆಲಾಕ್ಕಿಂತ (ಚದರ ಮೀಟರಿಗೆ, ಪ್ರತಿ ಲಕ್ಸ್ ಬೆಳಕಿಗೆ) ಕೆಳಗಿಳಿಯಬಾರದು. ಅದು ಸವೆದ ಗೆರೆಯ ಕೊನೆಯ ಮಿತಿ. ಹೊಸ ಗೆರೆ ಅದರ ಹಲವು ಪಟ್ಟು ಇರಬೇಕು. ಯಂತ್ರ ಇಲ್ಲದಿದ್ದರೆ ಬೆಳಿಗ್ಗೆಯೋ ಸಂಜೆಯೋ ಸೂರ್ಯನಿಗೆ ಬೆನ್ನು ಮಾಡಿ ನಿಂತು, ಗೆರೆಯ ಮೇಲೆ ನಿಮ್ಮ ತಲೆಯ ನೆರಳು ಬೀಳುವಂತೆ ಮಾಡಿಕೊಂಡು, ನೆರಳಿನ ಅಂಚಿನ ಸುತ್ತ ನೋಡಿ. ಮಣಿ ಸರಿಯಾಗಿ ಕೂತಿದ್ದರೆ ಅಲ್ಲಿ ಗೆರೆ ಮಿಂಚುತ್ತದೆ, ಮುಳುಗಿದ್ದರೆ ಸುಣ್ಣ ಬಳಿದಂತೆ ಸಪ್ಪಗಿರುತ್ತದೆ.

ಹಳೆಯ ಗೆರೆ ಅಳಿಸಲು ಕಪ್ಪು ಬಣ್ಣ ಬಳಿಯುವುದನ್ನು ಒಪ್ಪಲೇಬೇಡಿ. ಬಣ್ಣ ಸವೆದು ಕೆಳಗಿನ ಬಿಳಿ ಇಣುಕುತ್ತದೆ. ಸವೆಯದಿದ್ದರೂ ಒದ್ದೆ ರಸ್ತೆಯಲ್ಲಿ ಎದುರು ಬೆಳಕಿಗೆ ಕಪ್ಪು ಪಟ್ಟಿಯೇ ಹೊಳೆದು ಗೆರೆಯಂತೆ ಕಾಣುತ್ತದೆ. ಲೇನ್ ಬದಲಾಯಿಸಿದ ಜಾಗದಲ್ಲಿ ಚಾಲಕ ಹಳೆಯದನ್ನೇ ಹಿಡಿದು ಹೋಗುತ್ತಾನೆ. ಯಂತ್ರದಲ್ಲಿ ಕೆರೆಸಬೇಕು, ಇಲ್ಲವೇ ಹೆಚ್ಚಿನ ಒತ್ತಡದ ನೀರಿನಲ್ಲಿ ತೆಗೆಸಬೇಕು.

ಫಲಕ ನೋಡಿ

ಬೋರ್ಡಿಗೂ ಇದೇ ವಿಜ್ಞಾನ. ಬೋರ್ಡಿಗೆ ಅಂಟಿಸಿದ ಹೊಳೆಯುವ ಶೀಟ್ ಯಾವ ದರ್ಜೆಯದು ಅನ್ನುವುದು ಮೊದಲು ತಿಳಿಯಬೇಕು. ಎಎಸ್‌ಟಿಎಂ ಡಿ4956 ಅನ್ನುವ ಅಮೆರಿಕದ ಮಾನದಂಡದ ಪ್ರಕಾರ 0.2 ಡಿಗ್ರಿ ನೋಟಕೋನದಲ್ಲಿ ಬಿಳಿ ಶೀಟ್ ವಾಪಸ್ ಕಳಿಸಬೇಕಾದ ಬೆಳಕಿನ ಕನಿಷ್ಠ ಮೌಲ್ಯ ಟೈಪ್ 1ಕ್ಕೆ 70, ಟೈಪ್ 4ಕ್ಕೆ 360, ಟೈಪ್ 11ಕ್ಕೆ 580. ಹಗಲಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಟೈಪ್ 1 ನುಣ್ಣಗಿರುತ್ತದೆ, ಪ್ರಿಸ್ಮ್ ಇರುವ ಶೀಟ್‌ಗಳಲ್ಲಿ ಒಳಗೆ ಚೌಕುಳಿಯಂಥ ವಿನ್ಯಾಸ ಕಾಣುತ್ತದೆ.

ಈ ನೋಟಕೋನ ಅಂದರೆ ಹೆಡ್‌ಲೈಟಿನಿಂದ ಬೋರ್ಡಿಗೆ, ಬೋರ್ಡಿನಿಂದ ಕಣ್ಣಿಗೆ ಇರುವ ಎರಡು ದಾರಿಗಳ ನಡುವಿನ ಕೋನ. ಕಾರಿನಲ್ಲಿ ಲೈಟಿಗೂ ಕಣ್ಣಿಗೂ 0.6 ಮೀಟರ್ ಎತ್ತರದ ಅಂತರ ಅಂದುಕೊಂಡರೆ 150 ಮೀಟರ್ ದೂರದಲ್ಲಿ 0.23 ಡಿಗ್ರಿ. ಲಾರಿ ಚಾಲಕ ಎತ್ತರದಲ್ಲಿ ಕೂರುತ್ತಾನೆ, ಅಂತರ 1.4 ಮೀಟರ್ ಆದರೆ 0.53 ಡಿಗ್ರಿ. ಕೋನ ಹೆಚ್ಚಾದಷ್ಟೂ ವಾಪಸ್ ಬರುವ ಬೆಳಕು ಧಡಕ್ಕನೆ ಇಳಿಯುತ್ತದೆ. ಕಾರಿನಿಂದ ನೋಡಿ 'ಚೆನ್ನಾಗಿದೆ' ಅಂದ ಬೋರ್ಡು ಲಾರಿಗೆ ಮಂಕು. ಹಾಗಾಗಿ ರಾತ್ರಿ ಪರೀಕ್ಷೆಯನ್ನು ಒಮ್ಮೆ ಎತ್ತರದ ವಾಹನದಲ್ಲಿ ಕೂತು ಮಾಡಿ.

ಹೆಚ್ಚು ಜನರ ಕಣ್ಣು ತಪ್ಪಿಸುವುದು ಕೆಂಪು ಬಣ್ಣ. ಬಿಳಿ ರಿಫ್ಲೆಕ್ಟಿವ್ ಶೀಟ್ ಮೇಲೆ ಕೆಂಪನ್ನು ಪಾರದರ್ಶಕ ಇಂಕಿನಲ್ಲೋ ಪಾರದರ್ಶಕ ಫಿಲ್ಮಿನಲ್ಲೋ ಹಾಕಬೇಕು. ಮಾಮೂಲಿ ಪೇಂಟೋ ಸ್ಟಿಕ್ಕರೋ ಹಾಕಿದರೆ ಬೆಳಕು ಅದರ ಕೆಳಗಿನ ಶೀಟ್ ತನಕ ಹೋಗುವುದೇ ಇಲ್ಲ, ರಾತ್ರಿ ನಿಷೇಧದ ಕೆಂಪು ವೃತ್ತ ಕಪ್ಪಾಗುತ್ತದೆ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು 20 ಮೀಟರ್ ದೂರದಿಂದ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಸ್ಟಾಪ್ ಬೋರ್ಡಿಗೆ ಎಂಟು ಮೂಲೆ, ದಾರಿ ಬಿಡಿ ಬೋರ್ಡಿಗೆ ತಲೆಕೆಳಗಾದ ತ್ರಿಕೋನ ಕೊಟ್ಟಿರುವುದರಿಂದ ಬಣ್ಣ ಕೆಟ್ಟರೂ, ಹಿಂದಿನಿಂದ ನೋಡಿದರೂ ಆಕಾರ ಮಾತಾಡುತ್ತದೆ. ಅದಕ್ಕೇ ಆ ಎರಡು ಆಕಾರಗಳನ್ನು ಬೇರೆ ಯಾವುದಕ್ಕೂ, ಜಾಹೀರಾತಿಗಂತೂ, ಬಳಸಕೂಡದು.

ಅಕ್ಷರದ ಗಾತ್ರಕ್ಕೆ ಎಂಯುಟಿಸಿಡಿಯ ಲೆಕ್ಕ 25 ಮಿ.ಮೀ. ಎತ್ತರಕ್ಕೆ ಸುಮಾರು 9 ಮೀಟರ್ ಓದುವ ದೂರ. ಗಂಟೆಗೆ 80 ಕಿ.ಮೀ. ವೇಗದಲ್ಲಿ 3 ಸೆಕೆಂಡಿಗೆ 67 ಮೀಟರ್ ಹೋಗುತ್ತೇವೆ, ಅಂದರೆ ಮೂರು ಸೆಕೆಂಡು ಓದಲು ಅಕ್ಷರ ಸುಮಾರು 185 ಮಿ.ಮೀ. ಬೇಕು. ಇದು ರೋಮನ್ ದೊಡ್ಡಕ್ಷರಕ್ಕೆ ಹೇಳಿದ್ದು. ಒತ್ತಕ್ಷರ ಇರುವ ಲಿಪಿಯಲ್ಲಿ ಮೂಲ ಅಕ್ಷರ 185 ಮಿ.ಮೀ. ಇದ್ದರೂ ಒತ್ತು ಅದರ ಅರ್ಧ ಇರಬಹುದು. ಓದುವ ದೂರವನ್ನು ತೀರ್ಮಾನಿಸುವುದು ಆ ಚಿಕ್ಕ ಒತ್ತು. ಎರಡು ಸಾಲಿನ ನಡುವಿನ ಜಾಗವನ್ನೂ ಒತ್ತಿನ ಕೆಳತುದಿಯಿಂದ ಅಳೆಯಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಅಂಟಿಕೊಳ್ಳುತ್ತದೆ.

ಕೂರಿಸುವಾಗ: ಜನ ಓಡಾಡುವಲ್ಲಿ ಬೋರ್ಡಿನ ಕೆಳ ಅಂಚು 2.1 ಮೀಟರಿಗಿಂತ ಕೆಳಗಿರಬಾರದು. ಮುಖವನ್ನು ರಸ್ತೆಗೆ ಸರಿಯಾಗಿ ಅಡ್ಡ ಇಟ್ಟಾಗ ಕನ್ನಡಿಯಂತೆ ಹೊಳೆದು ಅಕ್ಷರ ಅಳಿಸಿದರೆ ಸುಮಾರು 5 ಡಿಗ್ರಿ ಹೊರಕ್ಕೆ ತಿರುಗಿಸಿ. ಬೋಲ್ಟಿನ ಕೆಳಗೆ ನೈಲಾನ್ ವಾಷರ್ ಇರಲಿ, ಇಲ್ಲದಿದ್ದರೆ ಬಿಗಿಯುವಾಗ ಶೀಟ್ ಮುರುಟಿ ಹರಿದು ಅಲ್ಲಿಂದಲೇ ನೀರು ಇಳಿಯುತ್ತದೆ. ಪ್ರಿಸ್ಮ್ ಶೀಟಿನ ಎರಡು ತುಂಡು ಜೋಡಿಸಿದ್ದರೆ ಎರಡೂ ಒಂದೇ ದಿಕ್ಕಿಗಿರಬೇಕು. ಒಂದನ್ನು ಅಡ್ಡ ಕತ್ತರಿಸಿ ಅಂಟಿಸಿದರೆ ರಾತ್ರಿ ಅರ್ಧ ಬೋರ್ಡು ಬೆಳಗಿ ಅರ್ಧ ಮಂಕಾಗುತ್ತದೆ. ಗುದ್ದಿದರೆ ಕಳಚುವಂತೆ ಮಾಡಿದ ಕಂಬದಲ್ಲಿ ನೆಲದಲ್ಲಿ ಉಳಿಯುವ ಮೋಟು 100 ಮಿ.ಮೀ. ಮೀರಬಾರದು, ಮೀರಿದರೆ ವಾಹನದ ತಳಕ್ಕೆ ಸಿಕ್ಕಿಕೊಳ್ಳುತ್ತದೆ.

ಸಿಗ್ನಲ್ ಪೆಟ್ಟಿಗೆ

ನನ್ನ ಪ್ರಕಾರ ಇಡೀ ಜಂಕ್ಷನ್ನಿನಲ್ಲಿ ಅತಿ ಮುಖ್ಯವಾದ ಅಂಕಿ ಹಳದಿಯ ಅವಧಿ. ಎಲ್ಲ ಕಡೆ 3 ಸೆಕೆಂಡು ಅಂತ ಹಾಕಿಬಿಡುವುದು ದೊಡ್ಡ ತಪ್ಪು.

ಲೆಕ್ಕ ಹೀಗೆ. ಚಾಲಕ ಹಳದಿ ನೋಡಿ ಬ್ರೇಕ್ ಒತ್ತಲು 1 ಸೆಕೆಂಡು. ಆಮೇಲೆ ಪ್ರತಿ ಸೆಕೆಂಡಿಗೂ ವೇಗವನ್ನು ಸೆಕೆಂಡಿಗೆ 3.05 ಮೀಟರಿನಷ್ಟು ಇಳಿಸುತ್ತಾನೆ. ಹಳದಿ = 1 + ವೇಗ ÷ 6.1 (3.05ರ ಎರಡರಷ್ಟು), ವೇಗ ಸೆಕೆಂಡಿಗೆ ಮೀಟರಿನಲ್ಲಿ. ಗಂಟೆಗೆ 50 ಕಿ.ಮೀ.ಗೆ 3.3 ಸೆಕೆಂಡು, 60ಕ್ಕೆ 3.7, 80ಕ್ಕೆ 4.6. ಇಳಿಜಾರಿನಲ್ಲಿ ಬ್ರೇಕ್ ಹಿಡಿತ ಕಡಿಮೆ, ಹಾಗಾಗಿ ಶೇ. 4ರ ಇಳಿಜಾರಿನಲ್ಲಿ 60 ಕಿ.ಮೀ.ಗೆ 4.1 ಬೇಕು. ವೇಗ ಅಂದರೆ ಬೋರ್ಡಿನಲ್ಲಿ ಬರೆದದ್ದಲ್ಲ, ಅಲ್ಲಿ ವಾಹನಗಳು ನಿಜಕ್ಕೂ ಬರುವ ವೇಗ. ನೂರರಲ್ಲಿ 85 ವಾಹನಗಳು ಯಾವ ವೇಗ ಮೀರುವುದಿಲ್ಲವೋ ಅದನ್ನು ತೆಗೆದುಕೊಳ್ಳಿ.

ಕಡಿಮೆ ಇಟ್ಟರೆ ಏನಾಗುತ್ತದೆ ನೋಡಿ. 60 ಕಿ.ಮೀ. ವೇಗದಲ್ಲಿ ನಿಲ್ಲಲು ಬೇಕಾದ ದೂರ 16.7 + 45.5, ಅಂದರೆ 62 ಮೀಟರ್. 3 ಸೆಕೆಂಡಿನ ಹಳದಿಯಲ್ಲಿ ಅದೇ ವೇಗದಲ್ಲಿ ಹೋಗಲು ಆಗುವುದು 50 ಮೀಟರ್. ಹಳದಿ ಬಿದ್ದ ಗಳಿಗೆಯಲ್ಲಿ ಸ್ಟಾಪ್ ಲೈನಿನಿಂದ 50 ಮತ್ತು 62 ಮೀಟರಿನ ನಡುವೆ ಇದ್ದವನು ನಿಲ್ಲಲೂ ಆರ, ಕೆಂಪಿಗೆ ಮುಂಚೆ ದಾಟಲೂ ಆರ. ಅವನು ಎಷ್ಟೇ ಒಳ್ಳೆಯ ಚಾಲಕನಾಗಿರಲಿ, ಆ 12 ಮೀಟರಿನಲ್ಲಿ ಅವನಿಗೆ ಸರಿಯಾದ ಆಯ್ಕೆಯೇ ಇಲ್ಲ. ಗಾಜಿಸ್, ಹರ್ಮನ್, ಮರಾಡುಡಿನ್ 1960ರಲ್ಲಿ ಬರೆದ ಪ್ರಬಂಧ ಇದನ್ನೇ ತೋರಿಸಿತು. ಅಲ್ಲಿ ಕ್ಯಾಮೆರಾ ಹಾಕಿ ದಂಡ ವಸೂಲಿ ಮಾಡುವುದು ಅನ್ಯಾಯ.

ಫಲಕ ನೋಡಿ

ಹಳದಿ ಉದ್ದ ಮಾಡಿದರೆ ಜನ ಅದನ್ನು ಹಸಿರಿನ ಬಾಲ ಅಂತ ಬಳಸಿಕೊಳ್ಳುವುದಿಲ್ಲವೇ?

ಸಿಗ್ನಲ್ ಪೆಟ್ಟಿಗೆ

5 ಸೆಕೆಂಡು ಮೀರಿಸಿದರೆ ಆ ಅಪಾಯ ಇದೆ. ಆದರೆ ಲೆಕ್ಕಕ್ಕೆ ತಕ್ಕ ಅವಧಿ ಕೊಟ್ಟಾಗ ಹೆಚ್ಚುವರಿ ಸಮಯ ಅಂತ ಏನೂ ಉಳಿಯುವುದಿಲ್ಲ. 1968ರ ವಿಯೆನ್ನಾ ಒಪ್ಪಂದದ ಪ್ರಕಾರವೂ ಹಳದಿಗೆ ನಿಲ್ಲಬೇಕು, ಸುರಕ್ಷಿತವಾಗಿ ನಿಲ್ಲಲು ಆಗದಷ್ಟು ಹತ್ತಿರ ಬಂದಿದ್ದರೆ ಮಾತ್ರ ಹೋಗಬಹುದು. ಆ ನಿಯಮ ಪಾಲಿಸಲು ಸಾಧ್ಯವಾಗುವಂತೆ ಸಮಯ ಕೊಡುವುದು ನಮ್ಮ ಕೆಲಸ.

ಹಳದಿಯ ಹಿಂದೆಯೇ ಎಲ್ಲ ಕಡೆಗೂ ಕೆಂಪು. ಕೂಡುರಸ್ತೆಯ ಅಗಲಕ್ಕೆ ವಾಹನದ ಉದ್ದ ಕೂಡಿಸಿ ವೇಗದಿಂದ ಭಾಗಿಸಿ. 20 ಮೀಟರ್ ಅಗಲ, 6 ಮೀಟರ್ ವಾಹನ, 50 ಕಿ.ಮೀ. ಆದರೆ 1.9 ಸೆಕೆಂಡು. ಸೈಕಲ್ಲು ಹೆಚ್ಚಿರುವ ಕಡೆ ಇದು ಸಾಲುವುದಿಲ್ಲ.

ಸೈಕಲ್ ಟೈಮ್, ಅಂದರೆ ಸಿಗ್ನಲ್ ಒಂದು ಪೂರ್ತಿ ಸುತ್ತು ಮುಗಿಸುವ ಸಮಯದ ಬಗ್ಗೆ ಒಂದೇ ಮಾತು. ವೆಬ್‌ಸ್ಟರ್ 1958ರಲ್ಲಿ ಕೊಟ್ಟ ಸೂತ್ರದಂತೆ ಒಂದು ಸುತ್ತಿನಲ್ಲಿ ವ್ಯರ್ಥವಾಗುವ ಸಮಯ 12 ಸೆಕೆಂಡು, ದಟ್ಟಣೆಯ ಅನುಪಾತ (ಬರುವ ವಾಹನಗಳನ್ನು ರಸ್ತೆ ಹೊರಬಿಡಬಲ್ಲ ಗರಿಷ್ಠ ಸಂಖ್ಯೆಯಿಂದ ಭಾಗಿಸಿದ್ದು) 0.7 ಇದ್ದರೆ ಸರಿಯಾದ ಸುತ್ತು 77 ಸೆಕೆಂಡು. ಅಲ್ಲಿ 150 ಸೆಕೆಂಡು ಇಟ್ಟರೆ ಎಲ್ಲರೂ ಸುಮ್ಮನೆ ಕಾಯುತ್ತಾರೆ, ಕಾದು ಬೇಸತ್ತು ಕೆಂಪಿಗೇ ನುಗ್ಗುತ್ತಾರೆ.

ಕಾಲುದಾರಿ

ಎಲ್ಲರೂ ಚಾಲಕನ ಕಣ್ಣಿನಿಂದಲೇ ಲೆಕ್ಕ ಹಾಕುತ್ತಿದ್ದೀರಿ. ದಾಟುವವರ ಲೆಕ್ಕವೂ ಆಗಲಿ. 14 ಮೀಟರ್ ರಸ್ತೆಯನ್ನು ಸೆಕೆಂಡಿಗೆ 1.2 ಮೀಟರಿನಂತೆ ನಡೆದರೆ 11.7 ಸೆಕೆಂಡು. ಎಂಯುಟಿಸಿಡಿ 2009ರಲ್ಲಿ ಇದನ್ನು ಸುಮಾರು 1.07ಕ್ಕೆ ಇಳಿಸಿತು, ಆಗ 13.1 ಸೆಕೆಂಡು. ಊರುಗೋಲು ಹಿಡಿದವರಿಗೆ, ಮಗುವನ್ನು ಕರೆದುಕೊಂಡು ಬರುವವರಿಗೆ 0.9 ಇಡಿ, 15.6 ಸೆಕೆಂಡು. ಇದು 'ಹೊಸದಾಗಿ ಹೊರಡಬೇಡಿ' ಅಂತ ಮಿನುಗುವ ದೀಪದ ಅವಧಿ ಮಾತ್ರ. ಅದಕ್ಕೂ ಮುಂಚೆ ಹೊರಡಲು ಕನಿಷ್ಠ 7 ಸೆಕೆಂಡು 'ನಡೆಯಿರಿ' ದೀಪ ಇರಬೇಕು. ಒಟ್ಟು 20 ಸೆಕೆಂಡು ದಾಟಿತು. ಅಡ್ಡರಸ್ತೆಯಲ್ಲಿ ವಾಹನ ಕಡಿಮೆ ಅಂತ ಅದಕ್ಕೆ 12 ಸೆಕೆಂಡು ಹಸಿರು ಕೊಟ್ಟರೆ, ಅದರ ಜೊತೆಗೇ ಮುಖ್ಯರಸ್ತೆ ದಾಟುವವರು ನಡುರಸ್ತೆಯಲ್ಲಿ ಸಿಕ್ಕಿಬೀಳುತ್ತಾರೆ. ಕಂಟ್ರೋಲರಿನಲ್ಲಿ (ಸಿಗ್ನಲ್ ನಡೆಸುವ ಪೆಟ್ಟಿಗೆ) ಕನಿಷ್ಠ ಹಸಿರನ್ನು ದಾಟುವವರ ಲೆಕ್ಕದಿಂದಲೇ ತುಂಬಬೇಕು.

ಸ್ಟಾಪ್ ಲೈನ್ ಜೀಬ್ರಾದಿಂದ ಕನಿಷ್ಠ 1.2 ಮೀಟರ್ ಹಿಂದೆ ಇರಲಿ. ಸಿಗ್ನಲ್ ಇಲ್ಲದ, ಎರಡು ಮೂರು ಲೇನಿನ ರಸ್ತೆಯ ಜೀಬ್ರಾಗೆ ಇದು ಸಾಲದು, 6ರಿಂದ 15 ಮೀಟರ್ ಹಿಂದೆ ಸರಿಸಬೇಕು. ಕಾರಣ: ಮೊದಲ ಲೇನಿನ ಬಸ್ಸು ಜೀಬ್ರಾಗೆ ಅಂಟಿಕೊಂಡು ನಿಲ್ಲುತ್ತದೆ, ಅದರ ಮರೆಯಿಂದ ಹೊರಬರುವ ವ್ಯಕ್ತಿ ಪಕ್ಕದ ಲೇನಿನಲ್ಲಿ ಬರುವವನಿಗೆ ಕೊನೆಯ ಕ್ಷಣದವರೆಗೂ ಕಾಣುವುದೇ ಇಲ್ಲ. ಬಸ್ಸು 10 ಮೀಟರ್ ಹಿಂದೆ ನಿಂತರೆ ಇಬ್ಬರಿಗೂ ಒಬ್ಬರನ್ನೊಬ್ಬರು ನೋಡಲು ಕಿಂಡಿ ಸಿಗುತ್ತದೆ. ಒಂದು ಬಿಳಿ ಗೆರೆ ಸರಿಸುವುದರಿಂದ ಜೀವ ಉಳಿಯುವುದಾದರೆ ಅದನ್ನು ಮಾಡದಿರಲು ಯಾವ ನೆಪವೂ ಇಲ್ಲ.

ಸಿಗ್ನಲ್ ಪೆಟ್ಟಿಗೆ

ಮೇಡಂ ಹೇಳಿದ ಕನಿಷ್ಠ ಹಸಿರಿನ ಮಾತನ್ನು ನೂರಕ್ಕೆ ನೂರು ಒಪ್ಪುತ್ತೇನೆ. 0.9 ಅನ್ನು ಎಲ್ಲ ಕಡೆ ಹಾಕಿದರೆ ಸುತ್ತು ಉದ್ದವಾಗಿ ದಾಟುವವರೇ ಹೆಚ್ಚು ಕಾಯಬೇಕಾಗುತ್ತದೆ. ಆಸ್ಪತ್ರೆ, ಶಾಲೆ ಹತ್ತಿರ ಅದನ್ನೇ ಇಡಿ. ಬೇರೆಡೆ ನಡುವೆ ನಿಲ್ಲಲು ದ್ವೀಪ ಕಟ್ಟಿ ಎರಡು ಹಂತ ಮಾಡಬಹುದು.

ಕಾಲುದಾರಿ

ದ್ವೀಪ ಕಟ್ಟುವುದಾದರೆ ಕನಿಷ್ಠ 1.8 ಮೀಟರ್ ಅಗಲ ಬೇಕು. ಅದಕ್ಕಿಂತ ಕಡಿಮೆಯಾದರೆ ಗಾಲಿಕುರ್ಚಿಯ ಚಕ್ರವೋ ತಳ್ಳುಗಾಡಿಯ ಮೂತಿಯೋ ರಸ್ತೆಗೆ ಚಾಚುತ್ತದೆ. ದ್ವೀಪದಲ್ಲೂ ಒಂದು ಗುಂಡಿ ಒತ್ತುವ ಕಂಬ ಇರಲೇಬೇಕು.

ತಂತಿಸುರುಳಿ

ಡಿಟೆಕ್ಟರ್ ಲೂಪ್, ಅಂದರೆ ವಾಹನ ಬಂದದ್ದನ್ನು ಗುರುತಿಸಲು ರಸ್ತೆಯನ್ನು ಕೊಯ್ದು ಹೂಳುವ ತಂತಿಸುರುಳಿ, ಅದರ ಬಗ್ಗೆ ಯಾರೂ ಬರೆದಿಲ್ಲ. 1.8 ಮೀಟರ್ ಚೌಕ, ಮೂರು ನಾಲ್ಕು ಸುತ್ತು ತಂತಿ ಅನ್ನುವುದು ಸಾಮಾನ್ಯ ಅಳತೆ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಚೂಪು ಮೂಲೆಯಲ್ಲಿ ತಂತಿಯ ಹೊದಿಕೆ ಹರಿಯುತ್ತದೆ. ಕಂಟ್ರೋಲರಿನತ್ತ ಹೋಗುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದಿರಬೇಕು, ಹೊಸೆಯದಿದ್ದರೆ ಅವೇ ಇನ್ನೊಂದು ಲೂಪಿನಂತೆ ಕೆಲಸ ಮಾಡಿ ಪಕ್ಕದ ಲೇನಿನ ವಾಹನವನ್ನು ಹಿಡಿಯುತ್ತವೆ. ಸೀಲ್ ಮಾಡುವ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ 500 ವೋಲ್ಟಿನ, ವಿದ್ಯುತ್ ಸೋರಿಕೆ ಅಳೆಯುವ ಮೆಗ್ಗರ್‌ನಿಂದ ನೆಲಕ್ಕಿರುವ ನಿರೋಧ ನೋಡಿ, 100 ಮೆಗಾಓಮ್ ಮೀರಿರಬೇಕು. ಮಳೆ ಬಂದಾಗ ಮಾತ್ರ ಯಾರೂ ಇಲ್ಲದ ರಸ್ತೆಗೆ ಹಸಿರು ಬೀಳುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇಲ್ಲಿನ ಸೋರಿಕೆಯನ್ನೇ, ಅದರಲ್ಲೂ ಚೇಂಬರ್ ಒಳಗಿನ ಜೋಡಣೆಯನ್ನು.

ಸೈಕಲ್ ಸವಾರರು ಲೂಪಿನ ನಡುವೆ ನಿಂತರೆ ಅದು ಗುರುತಿಸುವುದಿಲ್ಲ. ಚಕ್ರದ ಲೋಹದ ರಿಮ್ಮು ತಂತಿಯ ಮೇಲೆಯೇ ಉದ್ದಕ್ಕೆ ನಿಲ್ಲಬೇಕು. ಆ ಜಾಗಕ್ಕೆ ಸಣ್ಣ ಸೈಕಲ್ ಗುರುತು ಬಳಿಸಿ.

ನಾಲ್ಕುರಸ್ತೆ

ತುಂಬಾ ಉಪಕಾರವಾಯಿತು. ಇದೆಲ್ಲವನ್ನೂ ಯಾವ ಕ್ರಮದಲ್ಲಿ ನೋಡಲಿ? ಹಳದಿಯ ಅವಧಿಯನ್ನು ಪೆಟ್ಟಿಗೆ ತೆಗೆಯದೆ ಅಳೆಯಲು ಆಗುತ್ತದೆಯೇ?

ಸಿಗ್ನಲ್ ಪೆಟ್ಟಿಗೆ

ಆಗುತ್ತದೆ. ಮೊಬೈಲನ್ನು ಕಂಬಕ್ಕೋ ಟ್ರೈಪಾಡಿಗೋ ನಿಲ್ಲಿಸಿ, ಸೆಕೆಂಡಿಗೆ 30 ಫ್ರೇಮಿನ ವಿಡಿಯೋ ತೆಗೆದು, ಹಳದಿ ಹತ್ತಿದ ಫ್ರೇಮಿನಿಂದ ಕೆಂಪು ಹತ್ತಿದ ಫ್ರೇಮಿನ ತನಕ ಎಣಿಸಿ. 3.7 ಸೆಕೆಂಡು ಅಂದರೆ 111 ಫ್ರೇಮು. ಪ್ರತಿ ದಿಕ್ಕಿಗೂ, ದಿನದ ಪ್ರತಿ ಪ್ಲ್ಯಾನಿಗೂ ಬೇರೆಬೇರೆಯಾಗಿ ಎಣಿಸಬೇಕು. ರಾತ್ರಿಯ ಪ್ಲ್ಯಾನಿನಲ್ಲಿ ಹಳೆಯ ಅಂಕಿಯೇ ಉಳಿದಿರುವ ಸಾಧ್ಯತೆ ಹೆಚ್ಚು.

ಒಂದಕ್ಕೊಂದು ಅಡ್ಡಬರುವ ಎರಡು ಹಸಿರು ಒಟ್ಟಿಗೆ ಬಂದರೆ ತಡೆಯುವ ಕಾನ್‌ಫ್ಲಿಕ್ಟ್ ಮಾನಿಟರನ್ನು ರಸ್ತೆಗೆ ಜೋಡಿಸುವ ಮುಂಚೆ ಬೆಂಚಿನ ಮೇಲೆಯೇ ಪರೀಕ್ಷಿಸಿ. ಬೇಕೆಂದೇ ಎರಡು ಹಸಿರಿಗೆ ವೋಲ್ಟೇಜ್ ಕೊಟ್ಟರೆ ಸುಮಾರು ಅರ್ಧ ಸೆಕೆಂಡಿನೊಳಗೆ ಇಡೀ ಜಂಕ್ಷನ್ ಮಿನುಗುವ ಸ್ಥಿತಿಗೆ ಹೋಗಬೇಕು. ಎಲ್ಇಡಿ ದೀಪ ಹಳೆಯ ಬಲ್ಬಿನಂತೆ ಒಮ್ಮೆಲೇ ಆರುವುದಿಲ್ಲ, ವರ್ಷಗಳ ಮೇಲೆ ನಿಧಾನಕ್ಕೆ ಮಂಕಾಗುತ್ತದೆ. ಅದಕ್ಕೆ ಕೂರಿಸಿದ ತಾರೀಖನ್ನು ಪ್ರತಿ ಮಾಡ್ಯೂಲಿನ ಬೆನ್ನಿಗೆ ಬರೆಸಿ.

ಬಿಳಿಪಟ್ಟಿ

ಕ್ರಮ: ಚೀಲ, ತಗಡು, ಮಣಿಯ ತೂಕ ಕೆಲಸ ನಡೆಯುವಾಗಲೇ ಆಗಬೇಕು, ಆಮೇಲೆ ಅಳೆಯಲು ಬರುವುದಿಲ್ಲ. ಲೂಪಿನ ನಿರೋಧ ಸೀಲ್ ಆದ ದಿನ. ರಿಫ್ಲೆಕ್ಟೋಮೀಟರ್ ಅಳತೆಯನ್ನು ಹಾಕಿದ ದಿನವೇ ಮಾಡಬೇಡಿ, ಅಂಟದೆ ಉಳಿದ ಮಣಿ ಮೇಲಿರುತ್ತದೆ. ಒಂದೆರಡು ವಾರ ವಾಹನ ಓಡಿದ ಮೇಲೆ, ಒಣ ದಿನ, ಗೆರೆಯ ಮೇಲಿನ ಧೂಳು ಗುಡಿಸಿ, ವಾಹನ ಹೋಗುವ ದಿಕ್ಕಿನಲ್ಲೇ ಯಂತ್ರ ಇಟ್ಟು ಅಳೆಯಿರಿ. ಎರಡು ದಿಕ್ಕಿನಿಂದಲೂ ನೋಡುವ ನಡುಗೆರೆ ಆಗಿದ್ದರೆ ಎರಡೂ ಕಡೆ ಅಳೆಯಬೇಕು. ಎಳೆಯುವ ಯಂತ್ರ ಹೋದ ದಿಕ್ಕಿಗೆ ಮಣಿ ವಾಲಿಕೊಂಡು ಕೂರುವುದರಿಂದ ಎರಡು ಅಂಕಿಗಳಲ್ಲಿ ವ್ಯತ್ಯಾಸ ಬಂದೇ ಬರುತ್ತದೆ, ಕಡಿಮೆ ಬಂದದ್ದನ್ನೇ ದಾಖಲಿಸಿ.